ಪರಿಶೀಲನೆಯಲ್ಲಿರುವ ಒಂಟಿಕಾಲು

ಕಾಲು ಎಂಬುದು ಯಾರಾದರೊಬ್ಬ ವ್ಯಕ್ತಿಗೆ ಅಂಟಿಕೊಂಡೇ ಇರತಕ್ಕದ್ದೆಂದೂ, ಹಾಗೆ ಅಂಟಿಕೊಳ್ಳದೆ ತಾನೊಂದೇ ಕೆಲಸ ಮಾಡುವ ಕಾಲು ಕಂಡುಬಂದಲ್ಲಿ ಅದನ್ನು ಕೂಡಲೇ ವಶಕ್ಕೆ ತೆಗೆದುಕೊಳ್ಳತಕ್ಕದ್ದೆಂದೂ ಸ್ವಯಂ ನಿರ್ಮಾಣ ಪ್ರೋತ್ಸಾಹ ಮತ್ತು ತಡೆ ಇಲಾಖೆಯಲ್ಲಿ ನಿಯಮವಿದೆ. ಈ ನಿಯಮ ಬಂದದ್ದು ನನ್ನಿಂದ. ಒಬ್ಬನೇ ಒಬ್ಬ ಮನುಷ್ಯನಿಗಾಗಿ ಇಡೀ ಇಲಾಖೆ ಕೂತು ನಿಯಮ ಬರೆಯಿತು ಅಂದರೆ ಅವನು ಎಂಥವನಿರಬೇಕು ಎಂಬುದನ್ನು ಓದುವವರೇ ಯೋಚಿಸಲಿ. ನನ್ನ ಬಾಯಿಂದಲೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ. ಆದರೂ ಹೇಳುತ್ತೇನೆ.

ನಾನು ಹಳ್ಳಿಯಲ್ಲಿ ಬೆಳೆದವನು. ಅಲ್ಲಿ ಪಂಪು ಕೆಟ್ಟರೆ ಜನ ಮೊದಲು ನನ್ನನ್ನು ಕೂಗುತ್ತಿದ್ದರು, ದೇವರನ್ನು ಆಮೇಲೆ. ರೇಡಿಯೋ, ಟಾರ್ಚು, ಗಡಿಯಾರ, ಮೇಷ್ಟರ ಸ್ಕೂಟರು, ನಾನು ಬಿಚ್ಚದ ವಸ್ತುವಿಲ್ಲ. ಬಿಚ್ಚಿದ್ದರಲ್ಲಿ ಬಹುಪಾಲು ಮತ್ತೆ ಜೋಡಣೆಯಾಗಿವೆ. ಆಗದೆ ಉಳಿದವುಗಳಿಂದ ಬೇರೆ ವಸ್ತುಗಳು ಹುಟ್ಟಿವೆ. ಮೇಷ್ಟರು ಈಗಲೂ ನಡೆದುಕೊಂಡೇ ಓಡಾಡುತ್ತಾರೆ, ಆರೋಗ್ಯವಾಗಿದ್ದಾರೆ.

ಪಟ್ಟಣದಲ್ಲಿ ನಾನಿರುವುದು ಅಕ್ಕನ ಮನೆಯಲ್ಲಿ. ಮುಂದಿನ ಕೋಣೆ ಅವಳ ಹೊಲಿಗೆ ಅಂಗಡಿ, ಹಿಂದಿನ ಕೋಣೆ ನನ್ನ ಸಂಶೋಧನಾ ಕೇಂದ್ರ. ಅಕ್ಕ ಅದನ್ನು ಗುಜರಿ ಅನ್ನುತ್ತಾಳೆ. ಅಲ್ಲಿ ನಾನು ರೋಬೋಗಳನ್ನು ಮಾಡುತ್ತೇನೆ. ಗೋಡೆಗೆ ಡಿಕ್ಕಿ ಹೊಡೆದರೆ ಕ್ಷಮೆ ಕೇಳುವ ಕಸಗುಡಿಸುವ ರೋಬೋ ನನ್ನದೇ. ಹಾಲು ಉಕ್ಕುವ ಮುಂಚೆ ಕಿರುಚುವ ರೋಬೋ ಕೂಡ ನನ್ನದೇ. ಅದು ಉಕ್ಕಿದ ಮೇಲೆ ಕಿರುಚುತ್ತದೆ ಎಂಬುದು ಅಕ್ಕನ ಆರೋಪ, ಸಾಬೀತಾಗಿಲ್ಲ. ಪ್ರತಿಯೊಂದನ್ನೂ ವಿಡಿಯೋ ಮಾಡಿ, ಯಾವ ಸಾಮಾನು ಬೇಕು, ಯಾವ ತಂತಿ ಎಲ್ಲಿಗೆ, ಯಾವುದನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಲ್ಲವನ್ನೂ ಬಿಡಿಸಿ ಹೇಳಿ ಇಂಟರ್ನೆಟ್ಟಿಗೆ ಹಾಕುತ್ತೇನೆ. ವಿದ್ಯೆಯನ್ನು ಬಚ್ಚಿಡಬಾರದು. ಬಚ್ಚಿಟ್ಟರೆ ನನ್ನಲ್ಲಿ ಅದು ಇದೆ ಅಂತ ಯಾರಿಗೆ ಗೊತ್ತಾಗಬೇಕು?

ಹೀಗಿರುವಾಗ ಅಕ್ಕ ಅಟ್ಟದಿಂದ ಬಟ್ಟೆಯ ಗಂಟು ಇಳಿಸಲು ಹೋಗಿ ಏಣಿಯಿಂದ ಬಿದ್ದಳು. ಗಂಟಿಗೆ ಏನೂ ಆಗಲಿಲ್ಲ. ಅಕ್ಕನ ಬಲಮಂಡಿ ಹೋಯಿತು. ನಡೆಯಬಹುದು, ಊರುಗೋಲು ಬೇಕು, ಆದರೆ ಹೊಲಿಗೆ ಯಂತ್ರದ ಪೆಡಲು ತುಳಿಯುವುದನ್ನು ಮರೆತುಬಿಡಿ ಎಂದರು ಡಾಕ್ಟರು. ಎಡಗಾಲಲ್ಲಿ ತುಳಿ ಅಂತ ನಾನು ಸಲಹೆ ಕೊಟ್ಟೆ.

"ಎಡಗಾಲಿಗೆ ಹೊಲಿಗೆ ಬರಲ್ಲ ಕಣೋ," ಅಂದಳು ಅಕ್ಕ. "ಅದು ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ್ದು ಅಷ್ಟೇ. ನೀನು ಓದಿದ ಹಾಗೆ."

ಮೋಟರ್ ಹಾಕಿಕೊಡುತ್ತೇನೆ ಅಂದೆ. ಅದಕ್ಕೂ ಒಪ್ಪಲಿಲ್ಲ. ಮೋಟರಿಗೆ ಕಾಲರ್ ಯಾವುದು, ಕಂಕುಳು ಯಾವುದು ತಿಳಿಯುವುದಿಲ್ಲವಂತೆ, ಅದು ಸುಮ್ಮನೆ ಓಡುತ್ತದಂತೆ, ಹೊಲಿಯುವುದು ಅಂದರೆ ಓಡುವುದಲ್ಲವಂತೆ. ಅವಳಿಗೆ ಬೇಕಾಗಿದ್ದದ್ದು ಕಾಲು. ಸರಿ, ಕಾಲೇ ಮಾಡಿದರಾಯಿತು ಎಂದುಕೊಂಡೆ.

ಅವಸರ ಬೇರೆ ಇತ್ತು. ಬೀದಿಯ ಕೊನೆಯ ಶಾಲೆಯವರು ಎಲ್ಲ ಮಕ್ಕಳ ಸಮವಸ್ತ್ರವನ್ನು ಅಕ್ಕನಿಗೇ ವಹಿಸಿದ್ದರು. ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಸಿದ್ಧವಾಗದಿದ್ದರೆ ಮುಖ್ಯರಸ್ತೆಯ ರೆಡಿಮೇಡ್ ಅಂಗಡಿಗೆ ಕೊಡುತ್ತೇವೆ, ಒಮ್ಮೆ ಅತ್ತ ಹೋದರೆ ಮತ್ತೆ ಇತ್ತ ಬರುವುದಿಲ್ಲ ಅಂತ ಹೆಡ್‌ಮಿಸ್ಟ್ರೆಸ್ ಬಂದು ಹೇಳಿ, ಅಕ್ಕನ ಮಂಡಿಗೆ ಸಂತಾಪ ಸೂಚಿಸಿ ಹೋಗಿದ್ದರು. ಆ ಕೆಲಸ ಹೋದರೆ ಅಂಗಡಿಯೂ ಹೋದಂತೆ. ಅಂಗಡಿ ಹೋದ ಮೇಲೆ ಅಕ್ಕ ಅಕ್ಕನಾಗಿ ಉಳಿಯುವುದು ಕಷ್ಟ. ಬಿದ್ದ ದಿನದಿಂದ ಅವಳು ಯಂತ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ನನ್ನನ್ನು ಬೈಯುವುದನ್ನೂ ಕಡಿಮೆ ಮಾಡಿದ್ದಳು. ಅದನ್ನು ನೋಡಲಾಗುತ್ತಿರಲಿಲ್ಲ.

ಕಾಲಿಗೆ ನಾನು ಬಳಸಿದ್ದು ಕಾರಿನ ವೈಪರ್ ಮೋಟರು, ಸೈಕಲ್ ಚೈನು, ಮುರಿದ ಕೊಡೆಯ ಕಡ್ಡಿಗಳು, ಮತ್ತು ಮುಚ್ಚಿಹೋದ ಬಟ್ಟೆ ಅಂಗಡಿಯೊಂದರ ಗೊಂಬೆಯ ಬಲಗಾಲು. ಪಾದಕ್ಕೆ ನನ್ನದೇ ಹಳೆಯ ಬೂಟು. ಮಂಡಿಯೊಳಗೆ ಒಂದು ಮೈಕು ಇಟ್ಟೆ. ಅಕ್ಕ "ಹೂಂ" ಅಂದರೆ ಕಾಲು ತುಳಿಯುತ್ತದೆ, "ಹೂಂ" ಅನ್ನುವುದನ್ನು ಎಳೆದರೆ ನಿಧಾನವಾಗುತ್ತದೆ, "ಊಹೂಂ" ಅಂದರೆ ನಿಲ್ಲುತ್ತದೆ. ಜಗತ್ತಿನಲ್ಲಿ ಇಷ್ಟು ವಿಧೇಯವಾದ ಕಾಲನ್ನು ಯಾರೂ ಮಾಡಿರಲಿಕ್ಕಿಲ್ಲ. ನಮ್ಮದೇ ಕಾಲುಗಳು ಎಷ್ಟು ಮಾತು ಕೇಳುತ್ತವೆ ಅಂತ ಗೊತ್ತಲ್ಲ.

ಅಕ್ಕ ಮೊದಲ ಅಂಗಿಯ ತೋಳು ಹೊಲಿದು ಮುಗಿಸಿ ಕಾಲನ್ನು ಬಹಳ ಹೊತ್ತು ನೋಡಿದಳು. "ನಿನ್ನ ಹಾಗೇ ಇದೆ," ಅಂದಳು. "ಬೂಟೂ ನಿನ್ನದೇ. ಆದರೆ ಇದು ಮಾತಾಡಲ್ಲ, ಕೆಲಸ ಮಾಡತ್ತೆ." ಆವತ್ತಿನಿಂದ ಅದನ್ನು ಚಿಕ್ಕ ತಮ್ಮ ಅಂತ ಕರೆಯತೊಡಗಿದಳು. ನಾನು ದೊಡ್ಡ ತಮ್ಮನಾಗಿ ಬಡ್ತಿ ಪಡೆದೆ.

ವಿಡಿಯೋ ಹಾಕಿದೆ. ನೋಡಿದವರ ಲೆಕ್ಕ ಇಡುವುದನ್ನು ನಾನೇ ಬಿಟ್ಟೆ, ಅಷ್ಟು ಜನ ನೋಡಿದರು. ಎಲ್ಲೆಲ್ಲಿಂದಲೋ ಕಾಲುಗಳ ಚಿತ್ರ ಬಂದವು. ಒಬ್ಬರು ಹಿಟ್ಟು ತುಳಿಸಲು ಮಾಡಿಕೊಂಡಿದ್ದರು, ಒಬ್ಬರು ತೊಟ್ಟಿಲು ತೂಗಲು. ನಿವೃತ್ತ ಲೈನ್‌ಮನ್ ಒಬ್ಬರು ಅದನ್ನು ಮನೆಯ ಗೇಟಿಗೆ ಕೂರಿಸಿದರು. ಊಟಕ್ಕೆಂದು ಬಂದು ತಿಂಗಳಾದರೂ ಹೊರಡದ ಅವರ ಭಾವಮೈದುನ ಸಂಜೆ ತಿರುಗಾಡಿಕೊಂಡು ವಾಪಸು ಬರುವಾಗ ಕಾಲು ಅವರನ್ನು ಒದೆಯಿತು. ಬಿದ್ದ ಜಾಗದಲ್ಲೇ ಮಲಗಿಕೊಂಡು ಅವರು ನನ್ನ ವಿಡಿಯೋ ನೋಡಿದರು. ಅವರು ಸ್ವಯಂ ನಿರ್ಮಾಣ ಪ್ರೋತ್ಸಾಹ ಮತ್ತು ತಡೆ ಇಲಾಖೆಯ ನಿರ್ದೇಶಕರಾಗಿದ್ದರು. ಮಾರನೆಯ ವಾರ ನಿಯಮ ಬಂತು.

ನಮ್ಮ ಮನೆಗೆ ಬಂದದ್ದು ಪಟ್ಟಣದ ಶಾಖೆಯ ಅಧೀಕ್ಷಕರು. ಬಡಕಲು ದೇಹ, ದಪ್ಪ ಕನ್ನಡಕ, ಬಹಳ ಸಭ್ಯರು. ಹೆಸರೇ ಹೇಳುವಂತೆ ಇಲಾಖೆಯಲ್ಲಿ ಎರಡು ವಿಭಾಗಗಳಿವೆ, ಪ್ರೋತ್ಸಾಹ ಮತ್ತು ತಡೆ. ಸಿಬ್ಬಂದಿ ಕೊರತೆಯಿಂದಾಗಿ ಎರಡಕ್ಕೂ ಅವರೊಬ್ಬರೇ. ಊಟದ ಹೊತ್ತಿನವರೆಗೆ ಪ್ರೋತ್ಸಾಹ, ಊಟವಾದ ಮೇಲೆ ತಡೆ. ಅವರು ಬಂದಾಗ ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಾಲನ್ನು ನೋಡಿ ಬೆರಗಾದರು. ಮಂಡಿ ಸವರಿದರು. ನನ್ನ ಬೆನ್ನು ತಟ್ಟಿ, ಇಂತಹ ಯುವಕರೇ ನಾಳಿನ ಆಸ್ತಿ ಅಂದರು. ನಾನೂ ಅದನ್ನೇ ಹೇಳುತ್ತಾ ಬಂದಿದ್ದೇನೆ, ಯಾರೂ ಕೇಳಿರಲಿಲ್ಲ ಅಂದೆ. ಆಮೇಲೆ ಅವರು ನಮ್ಮ ಜಗಲಿಯಲ್ಲೇ ಕೂತು ತಮ್ಮ ಡಬ್ಬಿ ಬಿಚ್ಚಿ ಊಟ ಮಾಡಿದರು, ಕೈ ತೊಳೆದರು, ಒಳಗೆ ಬಂದು ಕಾಲನ್ನು ವಶಪಡಿಸಿಕೊಂಡರು.

"ಸರ್, ಈಗ ತಾನೇ ಹೊಗಳಿದಿರಲ್ಲ?" ಅಂದೆ.

"ಆ ಅಧಿಕಾರಿ ಬೇರೆ ಕಣಪ್ಪಾ," ಅಂದರು. "ಅವರ ಅಭಿಪ್ರಾಯವನ್ನು ನಾನು ಗೌರವಿಸುತ್ತೇನೆ."

ಅವರ ಜೊತೆ ಬಂದಿದ್ದ ಅಟೆಂಡರ್ ಅಣ್ಣ ಕಾಲನ್ನು ಹೆಗಲ ಮೇಲೆ ಹೊತ್ತು ಹೊರಟ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅಕ್ಕ ಅರ್ಧ ಹೊಲಿದ ಚಡ್ಡಿಯನ್ನು ಯಂತ್ರದಿಂದ ಬಿಡಿಸದೆ ಹಾಗೇ ಬಿಟ್ಟು, ಮತ್ತೆ ಗೋಡೆಯತ್ತ ತಿರುಗಿ ಕೂತಳು. ಇನ್ನೊಂದು ಕಾಲು ಮಾಡಿಕೊಡಲೇ ಅಂತ ಕೇಳಿದೆ. ಮಾಡಿದರೆ ಅದನ್ನೂ ಒಯ್ಯುತ್ತಾರೆ, ಇದನ್ನೇ ತಾ ಅಂದಳು. ತರುತ್ತೇನೆ, ಅದೇನು ಮಹಾ ಅಂತ ಹೊರಟೆ.

ಕಚೇರಿಯ ಬಾಗಿಲಲ್ಲೇ ಪ್ರಕಟಣೆ ಇತ್ತು: "ಸ್ವಾವಲಂಬನೆಯೇ ಇಲಾಖೆಯ ಧ್ಯೇಯ. ಆದಕಾರಣ ಕಚೇರಿಯಲ್ಲಿ ಇಲ್ಲದಿರುವ ಯಾವುದೇ ವಸ್ತು, ಸೌಕರ್ಯ ಅಥವಾ ಸಿಬ್ಬಂದಿಯನ್ನು ಸಾರ್ವಜನಿಕರು ಸ್ವತಃ ಮಾಡಿಕೊಂಡು ಬರತಕ್ಕದ್ದು. ಮಾಡಿಕೊಂಡು ಬಂದದ್ದು ಇಲಾಖೆಯ ಸೊತ್ತಾಗತಕ್ಕದ್ದು." ಒಳಗೆ ಮರದ ಹೊಟ್ಟಿನ ವಾಸನೆ. ಕಾಯಲು ಬಂದವರು ತಂತಮ್ಮ ಸ್ಟೂಲುಗಳನ್ನು ಮಾಡಿಕೊಳ್ಳುತ್ತಿದ್ದರು. ವಯಸ್ಸಾದ ಗಂಡ ಹೆಂಡತಿ ಒಂದು ಬೆಂಚಿಗೆ ಉಜ್ಜುಕಾಗದ ಹಾಕುತ್ತಾ, ನಿನ್ನ ಕಡೆ ನಯವಾಯಿತು, ನನ್ನ ಕಡೆ ಆಗಲಿಲ್ಲ ಅಂತ ಜಗಳವಾಡುತ್ತಿದ್ದರು. ಗಾಳಿಪಟ ಹಾರಿಸಲು ಅನುಮತಿ ಕೇಳಿ ಬಂದಿದ್ದ ಒಬ್ಬ ಎಷ್ಟು ಕಾಲದಿಂದ ಅಲ್ಲೇ ಇದ್ದನೆಂದರೆ, ಅವನೀಗ ಬೇರೆಯವರಿಗೂ ಸ್ಟೂಲು ಮಾಡಿಕೊಡುವಷ್ಟು ಪಳಗಿದ್ದ. ಗಾಳಿಪಟದ ಆಸೆ ಬಿಟ್ಟೆ, ಬಡಗಿತನ ಕೈಹಿಡಿಯಿತು ಅಂದ. ಇದು ಪ್ರೋತ್ಸಾಹ ವಿಭಾಗದ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಬಂದಿದೆಯಂತೆ.

ನಾನು ಸ್ಟೂಲಿನ ಬದಲು ತಿರುಗುವ ಕುರ್ಚಿಯನ್ನೇ ಮಾಡಿದೆ. ಅಧೀಕ್ಷಕರು ಅದರಲ್ಲಿ ಕೂತು ಒಂದು ಸುತ್ತು ತಿರುಗಿ, ಅದು ಇಲಾಖೆಯ ಸೊತ್ತು ಅಂದರು. ಮೊಹರು ಸವೆದಿದೆ ಅಂದಾಗ ಹವಾಯಿ ಚಪ್ಪಲಿಯ ಅಟ್ಟೆ ಕೊರೆದು ಮೊಹರು ಮಾಡಿಕೊಟ್ಟೆ. ಕೊನೆಗೆ ಅವರು ನಿಟ್ಟುಸಿರು ಬಿಟ್ಟು ನಿಜವಾದ ತೊಡಕು ಹೇಳಿದರು. ವಶಪಡಿಸಿಕೊಂಡ ವಸ್ತುವನ್ನು ಬಿಡಬೇಕಾದರೆ ಪರಿವೀಕ್ಷಕರು ನೋಡಿ ಒಪ್ಪಬೇಕು. ಪರಿವೀಕ್ಷಕರ ಹುದ್ದೆ ಖಾಲಿ ಇದೆ. ಹಿಂದಿನವರು ನಿವೃತ್ತರಾದ ಮೇಲೆ ಯಾರೂ ಬಂದಿಲ್ಲ. ಅಂದಮೇಲೆ, ಪ್ರಕಟಣೆಯ ಪ್ರಕಾರ—

"ನಾನೇ ಮಾಡಿಕೊಂಡು ಬರಬೇಕು," ಅಂದೆ.

"ಬಲವಂತವಿಲ್ಲ," ಅಂದರು ಅಧೀಕ್ಷಕರು. "ನಿಮಗೆ ಪರಿವೀಕ್ಷಕರು ಬೇಕಿದ್ದರೆ ಮಾತ್ರ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ನನಗೆ ನಗು ಬಂತು. ಕಾಲು ಮಾಡಿದವನಿಗೆ ಮಿಕ್ಕ ಮನುಷ್ಯ ಯಾವ ಲೆಕ್ಕ? ನಿಂತಿರಲು ಚಕ್ರ ಹಾಕಿದ ಸ್ಟ್ಯಾಂಡ್ ಫ್ಯಾನಿನ ಕಂಬ, ಕೈಗಳಿಗೆ ಕೊಡೆಯ ಮಿಕ್ಕ ಕಡ್ಡಿಗಳು, ಎದೆಗೆ ಬಿಸ್ಕತ್ತಿನ ದೊಡ್ಡ ಡಬ್ಬ, ತಲೆಗೆ ಹಳೇ ಸ್ಪೀಕರು, ಕಣ್ಣಿಗೆ ಬಾಗಿಲ ಕ್ಯಾಮೆರಾ, ಆ ಕಣ್ಣಿನ ಮೇಲೊಂದು ಗಾಜು ಕಳೆದ ಕನ್ನಡಕ. ಟೈ ಕಟ್ಟಿದೆ. ಟೈ ಕಟ್ಟಿದ ಮೇಲೆ ಅದನ್ನು ನಾನೇ ಬಹುವಚನದಲ್ಲಿ ಮಾತಾಡಿಸತೊಡಗಿದೆ.

ಆದರೆ ಪರಿವೀಕ್ಷಣೆ ಮಾಡುವುದು ಹೇಗೆ ಅಂತ ಅದಕ್ಕೆ ಕಲಿಸಬೇಕಲ್ಲ. ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ ವಿಷಯಗಳು ಹೆಚ್ಚಿಲ್ಲ, ಇದು ಅವುಗಳಲ್ಲಿ ಒಂದು. ಆದ್ದರಿಂದ ಅದಕ್ಕೆ ನೋಡಿ ನೋಡಿ ಕಲಿಯುವ ಬುದ್ಧಿ ಕೊಟ್ಟು, ಕಚೇರಿಯ ಮೂಲೆಯಲ್ಲಿ ಅಧೀಕ್ಷಕರ ಎದುರಿಗೆ ನಿಲ್ಲಿಸಿದೆ. ಒಬ್ಬ ಅನುಭವಿ ಅಧಿಕಾರಿ ಏನೇನು ಮಾಡುತ್ತಾರೋ ಎಲ್ಲವನ್ನೂ ಅದು ಕಲಿಯಲಿ, ಒಂದು ಕೂದಲೂ ವ್ಯತ್ಯಾಸವಾಗಬಾರದು ಎಂಬುದು ನನ್ನ ಹಟ. ಬಹಳ ಬೇಗ ಕಲಿಯಿತು. ನನ್ನ ಜಾಣ್ಮೆ ಅಂದುಕೊಂಡೆ. ಕಲಿಯುವುದಕ್ಕೆ ಹೆಚ್ಚೇನೂ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಪರಿವೀಕ್ಷಕರು ಅಧಿಕಾರ ಸ್ವೀಕರಿಸಿದ ದಿನ ಸಣ್ಣ ಸಮಾರಂಭವಾಯಿತು. ಕಚೇರಿಯ ಟೈಪಿಸ್ಟ್ ಮೇಡಂ ಎರಡು ಮಾತಾಡಿದರು. ಬಂದವರು ಮಿತಭಾಷಿಗಳೆಂದೂ ಚಹಾ ಕೇಳುವುದಿಲ್ಲವೆಂದೂ ಶ್ಲಾಘಿಸಿದರು. ಅಟೆಂಡರ್ ಅಣ್ಣ ಉಗ್ರಾಣದಿಂದ ಕಾಲನ್ನು ತಂದು ಮೇಜಿನ ಮೇಲೆ ಮಲಗಿಸಿದ. ಅಷ್ಟು ದಿನ ಅದು ಅಲ್ಲಿ ಒಮ್ಮೆಯೂ ಮಿಸುಕಿರಲಿಲ್ಲವಂತೆ. ಮಿಸುಕುವುದಾದರೂ ಹೇಗೆ? ಆ ಕಚೇರಿಯಲ್ಲಿ "ಹೂಂ" ಅಂದವರೇ ಇಲ್ಲ.

ಪರಿವೀಕ್ಷಕರು ಕಾಲನ್ನು ನೋಡಿದರು. ಕನ್ನಡಕ ತೆಗೆದರು. ಟೈಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಗೋಡೆಯ ಗಡಿಯಾರ ನೋಡಿದರು. ನಿಟ್ಟುಸಿರು ಬಿಟ್ಟರು. ತಲೆಯನ್ನು ಅತ್ತಿಂದಿತ್ತ ಆಡಿಸಿ, "ನಾಳೆ ನೋಡೋಣ," ಅಂದರು.

ಅಧೀಕ್ಷಕರ ಕಣ್ಣಲ್ಲಿ ನೀರು ಬಂತು. ಎಷ್ಟು ತೂಕದ ಮಾತು ಅಂದರು. ನನ್ನ ತಪ್ಪು ಆಗ ತಿಳಿಯಿತು. ಒಪ್ಪಿಗೆ ಕೊಡುವುದು ಹೇಗೆಂದು ಅದು ಒಮ್ಮೆಯೂ ನೋಡಿಲ್ಲ. ಅಲ್ಲಿ ಯಾರಾದರೂ ಕೊಟ್ಟಿದ್ದರೆ ತಾನೇ ನೋಡುವುದು?

ತಪ್ಪು ಸರಿಪಡಿಸಲು ಸ್ಕ್ರೂಡ್ರೈವರ್ ತೆಗೆದೆ. ಅಧೀಕ್ಷಕರು ನನ್ನ ಕೈ ಹಿಡಿದರು. ಅಧಿಕಾರದಲ್ಲಿರುವ ನೌಕರನ ತಲೆಗೆ ಕೈಹಾಕುವುದು ಗುರುತರ ಅಪರಾಧವಂತೆ. ಅದೂ ಊಟವಾದ ಮೇಲೆ.

ಮಾರನೆಯ ದಿನ ಹೋದೆ. ನಾಳೆ ನೋಡೋಣ. ಅದರ ಮಾರನೆಯ ದಿನವೂ ಹೋದೆ. ನನ್ನದೇ ಕೈಯಿಂದ ಹುಟ್ಟಿದ್ದು, ನನ್ನದೇ ಟೈ ಕಟ್ಟಿಕೊಂಡು, ನನಗೇ ನಾಳೆ ಬಾ ಅನ್ನುತ್ತದೆ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅನ್ನುತ್ತಾರಲ್ಲ, ಆ ಗಾದೆ ಮಾಡಿದವನಿಗೆ ನನ್ನಷ್ಟು ಅನುಭವ ಇರಲಿಕ್ಕಿಲ್ಲ. ಒಂದು ಕಡೆ ಸಿಟ್ಟು, ಇನ್ನೊಂದು ಕಡೆ, ಸುಳ್ಳು ಹೇಳಬಾರದು, ಹೆಮ್ಮೆ. ಅಷ್ಟು ಅಚ್ಚುಕಟ್ಟಾದ ನಿಟ್ಟುಸಿರನ್ನು ಅಧೀಕ್ಷಕರೂ ಬಿಡಲಾರರು.

ಮನೆಯಲ್ಲಿ ಸಮವಸ್ತ್ರದ ಬಟ್ಟೆ ಕತ್ತರಿಸಿ ಕತ್ತರಿಸಿ ಅಕ್ಕ ರಾಶಿ ಹಾಕಿದ್ದಳು. ಕತ್ತರಿಗೆ ಕಾಲು ಬೇಡವಲ್ಲ. ಹೊಲಿಯುವುದೊಂದೇ ಬಾಕಿ. ಶಾಲೆಯ ಗೋಡೆಗೆ ಸುಣ್ಣ ಬಳಿಯುವುದು ಶುರುವಾಗಿತ್ತು. ರೆಡಿಮೇಡ್ ಅಂಗಡಿಯವನು ಎರಡು ಸಲ ನಮ್ಮ ಮನೆ ಮುಂದೆ ಸುಮ್ಮನೆ ಹಾದುಹೋಗಿ, ಅಕ್ಕನ ಆರೋಗ್ಯ ವಿಚಾರಿಸಿದ್ದ. ನಾನು ಎಲ್ಲವನ್ನೂ ವಿವರಿಸಿದೆ, ಪರಿವೀಕ್ಷಕರ ಕನ್ನಡಕ ಒರೆಸುವಿಕೆಯನ್ನು ಮಾಡಿಯೂ ತೋರಿಸಿದೆ. ಅಕ್ಕ ನಗಲಿಲ್ಲ.

"ಅವರು ಕಾಲನ್ನು ಮಲಗಿಸಿಕೊಂಡು ನೋಡ್ತಾರಾ, ಓಡಿಸಿ ನೋಡ್ತಾರಾ?" ಅಂತ ಕೇಳಿದಳು.

ಮಲಗಿಸಿಕೊಂಡು ಅಂದೆ.

"ಅದೆಂಥಾ ಪರೀಕ್ಷೆ? ಹೆಣ ನೋಡಿದ ಹಾಗೆ. ನಡಿ."

ಮಾರನೆಯ ಬೆಳಿಗ್ಗೆ ತಳ್ಳುಗಾಡಿಯ ಮೇಲೆ ಹೊಲಿಗೆ ಯಂತ್ರ, ಅದರ ಮೇಲೆ ಬಟ್ಟೆಯ ಗಂಟು, ಪಕ್ಕದಲ್ಲಿ ಊರುಗೋಲು ಊರಿಕೊಂಡು ಅಕ್ಕ. ಗಾಡಿ ತಳ್ಳಿದ್ದು ನಾನು. ಅಕ್ಕ ಅಧೀಕ್ಷಕರಿಗೆ ನಮಸ್ಕಾರ ಹೇಳಿ ಬಹಳ ವಿನಯದಿಂದ ಕೇಳಿದಳು: ಕೆಲಸ ಮಾಡುವ ವಸ್ತುವನ್ನು ಕೆಲಸ ಮಾಡುವ ಸ್ಥಿತಿಯಲ್ಲಲ್ಲದೆ ಪರಿಶೀಲಿಸಿದರೆ ಅದು ನಿಯಮಕ್ಕೆ ಒಪ್ಪುತ್ತದೆಯೇ? ಅಧೀಕ್ಷಕರು ಯೋಚಿಸಿದರು. ಒಪ್ಪುವುದಿಲ್ಲ ಅಂದರು. ಹಾಗಿದ್ದರೆ ಕೆಲಸ ಮಾಡುವ ಸ್ಥಿತಿಗೆ ಬೇಕಾದ ಯಂತ್ರ ಕಚೇರಿಯಲ್ಲಿ ಇದೆಯೇ? ಇಲ್ಲ. ಇಲ್ಲದ್ದನ್ನು ಸಾರ್ವಜನಿಕರು ತರತಕ್ಕದ್ದು, ತಂದಿದ್ದೇನೆ ಅಂದಳು ಅಕ್ಕ. ಮಾಡಿಕೊಂಡು ಬಂದದ್ದಲ್ಲ, ಹೊತ್ತುಕೊಂಡು ಬಂದದ್ದು, ಆದ್ದರಿಂದ ಇದು ಇಲಾಖೆಯ ಸೊತ್ತಲ್ಲ ಅಂತಲೂ ಸೇರಿಸಿದಳು. ನನಗೆ ಬಾಯಿ ಬಿಡಲು ಜಾಗವೇ ಸಿಗಲಿಲ್ಲ. ಇದು ನನ್ನ ಜೀವನದಲ್ಲಿ ಮೊದಲನೆಯ ಸಲ.

ಕಿಟಕಿಯ ಬಳಿ ಬೆಳಕು ಚೆನ್ನಾಗಿತ್ತು. ಅಲ್ಲಿ ಯಂತ್ರ ಇಟ್ಟೆವು. ಕಾಲನ್ನು ಪೆಡಲಿನ ಮೇಲೆ ಕೂರಿಸಿದೆ. ಅಕ್ಕ ನನ್ನ ತಿರುಗುವ ಕುರ್ಚಿಯಲ್ಲಿ ಕೂತು, ದಾರ ಪೋಣಿಸಿ, ಉಸಿರೆಳೆದು, "ಹೂಂ" ಅಂದಳು.

ಇಡೀ ಕಚೇರಿ ಬೆಚ್ಚಿ ತಿರುಗಿ ನೋಡಿತು. ಆ ಗೋಡೆಗಳ ನಡುವೆ ಆ ಶಬ್ದ ಅದೇ ಮೊದಲು. ಕಾಲು ತುಳಿಯತೊಡಗಿತು. ಚಡ್ಡಿಯೊಂದು ಸಿದ್ಧವಾಯಿತು, ಇನ್ನೊಂದು, ಮತ್ತೊಂದು. ಪರಿವೀಕ್ಷಕರು ಬಂದು ನಿಂತು ನೋಡಿದರು, ಕನ್ನಡಕ ಒರೆಸಿದರು, ಗಡಿಯಾರ ನೋಡಿದರು. ನಾಳೆ ನೋಡೋಣ ಅಂದರು.

"ನೋಡಿ ಸ್ವಾಮಿ, ನಿಧಾನವಾಗಿ ನೋಡಿ," ಅಂದಳು ಅಕ್ಕ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು. "ನಾಳೆ ನಾನೂ ಬರ್ತೀನಿ."

ಶಾಲೆ ತೆರೆದ ದಿನ ಮಕ್ಕಳೆಲ್ಲ ಹೊಸ ಸಮವಸ್ತ್ರದಲ್ಲಿದ್ದರು. ಹೆಡ್‌ಮಿಸ್ಟ್ರೆಸ್ ಕಚೇರಿಗೇ ಬಂದು ಮುಂದಿನ ವರ್ಷದ್ದನ್ನೂ ಒಪ್ಪಿಸಿ ಹೋದರು. ಟೈಪಿಸ್ಟ್ ಮೇಡಂ ಒಂದು ಫ್ರಾಕು ತಂದರು, ಅಟೆಂಡರ್ ಅಣ್ಣ ಪ್ಯಾಂಟಿನ ಜೇಬು ಹರಿದಿದೆ ಅಂತ ನಾಚಿಕೊಂಡು ನಿಂತ, ಅಧೀಕ್ಷಕರು ಅಂಗಿಯ ಸವೆದ ಕಾಲರು ತಿರುಗಿಸಿ ಹೊಲಿಸಿಕೊಂಡರು. ಕಾಯುತ್ತಿದ್ದ ವಯಸ್ಸಾದ ದಂಪತಿ ಬೆಂಚಿಗೆ ಮೆತ್ತೆ ಹೊಲಿಸಿದ ಮೇಲೆ ಜಗಳ ನಿಲ್ಲಿಸಿದರು. ಕಚೇರಿಯಿಂದ ಏನಾದರೂ ಒಂದು ಸಿದ್ಧವಾಗಿ ಹೊರಗೆ ಬರುತ್ತಿದೆ ಎಂಬ ಸುದ್ದಿ ಪಟ್ಟಣದಲ್ಲಿ ಹಬ್ಬಿ ಜನ ಸಾಲುಗಟ್ಟಿದರು. ಬಟ್ಟೆ ಕೊಡುವಾಗ ಅವರು "ಹೊಲಿಯಲು" ಅನ್ನುತ್ತಿರಲಿಲ್ಲ, "ಪರಿಶೀಲನೆಗೆ" ಅನ್ನುತ್ತಿದ್ದರು.

ಎಲ್ಲ ನೆಟ್ಟಗಿರುವಾಗ ಪರಿವೀಕ್ಷಕರ ನಡತೆಯಲ್ಲಿ ಬದಲಾವಣೆ ಕಂಡಿತು. ನೋಡಿ ನೋಡಿ ಕಲಿಯುವ ಬುದ್ಧಿಯನ್ನು ನಾನು ಆರಿಸಿರಲಿಲ್ಲ. ಅದು ದಿನವಿಡೀ ನೋಡುತ್ತಿದ್ದದ್ದು ಅಕ್ಕನನ್ನು. ಅಕ್ಕ "ಹೂಂ" ಅನ್ನುವಾಗ ತಲೆಯನ್ನೂ ಮೇಲೆ ಕೆಳಗೆ ಆಡಿಸುತ್ತಾಳೆ. ಒಂದು ಬೆಳಿಗ್ಗೆ ಪರಿವೀಕ್ಷಕರು ಕನ್ನಡಕ ಒರೆಸಿದರು, ಹಾಕಿಕೊಂಡರು, ಗಡಿಯಾರದತ್ತ ತಿರುಗಲಿಲ್ಲ. ಅವರ ತಲೆ ಒಂದಿಷ್ಟು ಮೇಲಕ್ಕೆ ಹೋಗಿ, ಒಂದಿಷ್ಟು ಕೆಳಕ್ಕೆ ಬಂತು. ಗಂಟಲಲ್ಲಿ "ಹೂ" ಅನ್ನುವಂಥದ್ದೊಂದು ಗೊರಗುಟ್ಟಿ ನಿಂತಿತು.

ಟೈಪಿಸ್ಟ್ ಮೇಡಂ ಕೈ ಬಾಯಿಗೆ ಹೋಯಿತು. ಅಧೀಕ್ಷಕರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಹೀಗೇ ಮುಂದುವರಿದರೆ ಅವರು ಒಪ್ಪಿಬಿಡುವ ಅಪಾಯವಿದೆ, ಒಪ್ಪಿದರೆ ಕಾಲು ಮನೆಗೆ ಹೋಗುತ್ತದೆ, ಕಾಲು ಹೋದರೆ ನಿಮ್ಮಕ್ಕ ಹೋಗುತ್ತಾರೆ, ಆಮೇಲೆ ಈ ಕಚೇರಿಯಲ್ಲಿ ಏನು ನಡೆಯುತ್ತದೆ ಅಂತ ಜನ ಕೇಳಿದರೆ ನಾನೇನು ಹೇಳಲಿ ಅಂತ ಕೇಳಿದರು.

ನನಗೆ ಬೇರೆಯದೇ ಆಸೆ ಹುಟ್ಟಿತ್ತು. ಒಪ್ಪಿಗೆ ಸಿಕ್ಕರೆ ನನ್ನ ಕಾಲು ಈ ಇಲಾಖೆ ಹುಟ್ಟಿದ ಮೇಲೆ ಒಪ್ಪಿಗೆ ಪಡೆದ ಮೊಟ್ಟಮೊದಲ ಸ್ವಯಂ ನಿರ್ಮಿತ ವಸ್ತು. ಅದರ ಮೇಲೆ ವಿಡಿಯೋ. ಅದರ ಕೆಳಗೆ ಜನರ ಹೊಗಳಿಕೆ. ಹಳ್ಳಿಯಲ್ಲಿ ಮೇಷ್ಟರು ಸ್ಕೂಟರಿನ ವಿಷಯದಲ್ಲಿ ನನ್ನನ್ನು ಮನಸಾರೆ ಕ್ಷಮಿಸುತ್ತಾರೆ. ಇನ್ನೊಂದು ದಿನ ಸುಮ್ಮನಿದ್ದರೆ ಸಾಕು, ತಲೆ ಪೂರ್ತಿ ಆಡುತ್ತದೆ. ಇದನ್ನು ಅಕ್ಕನಿಗೆ ಹೇಳಿದೆ.

ಅಕ್ಕ ಯಂತ್ರ ನಿಲ್ಲಿಸಿದಳು. ಕಿಟಕಿಯ ಬೆಳಕಲ್ಲಿ ಅವಳ ಮುಖ ಮೊದಲಿಗಿಂತ ತುಂಬಿಕೊಂಡಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಮಧ್ಯಾಹ್ನವೂ ದೀಪ ಹಾಕಿಕೊಂಡು ಹೊಲಿಯುತ್ತಿದ್ದವಳು. ಇಲ್ಲಿ ಮಾತಿಗೆ ಟೈಪಿಸ್ಟ್ ಮೇಡಂ, ಭಾರ ಎತ್ತಿಡಲು ಅಟೆಂಡರ್ ಅಣ್ಣ, ಬಾಗಿಲ ತನಕ ಸಾಲು.

"ಕಾಲು ನನಗೆ ಮಾಡಿದ್ದಾ, ನಿನಗೆ ಮಾಡಿದ್ದಾ?" ಅಂತ ಕೇಳಿದಳು.

ನಿನಗೆ ಅಂದೆ.

"ಹಾಗಿದ್ರೆ ಅವರ ಕುತ್ತಿಗೆ ಬಿಗಿ ಮಾಡು."

ಕೈಹಾಕುವುದು ಅಪರಾಧ ಅಂತ ನಾನು ನೆನಪಿಸಿದೆ. ಅಧೀಕ್ಷಕರು ಆಗಲೇ ಅದಕ್ಕೊಂದು ದಾರಿ ಹುಡುಕಿದ್ದರು. ಕರ್ತವ್ಯದಲ್ಲಿರುವ ನೌಕರನಿಗೆ ಕುತ್ತಿಗೆ ಸಡಿಲಗೊಂಡು ಸಮ್ಮತಿಸೂಚಕ ಚಲನೆ ಕಂಡುಬಂದಲ್ಲಿ ಅದನ್ನು ಕಾಯಿಲೆಯೆಂದು ಪರಿಗಣಿಸಿ ಚಿಕಿತ್ಸೆ ಕೊಡಿಸತಕ್ಕದ್ದು ಎಂದು ಹೊಸ ಉಪನಿಯಮ ಟೈಪಾಗಿ, ನನ್ನ ಚಪ್ಪಲಿ ಮೊಹರು ಬಿದ್ದು, ಗೋಡೆಗೆ ಅಂಟಿತ್ತು. ಊಟಕ್ಕೆ ಮುಂಚೆಯೇ ಅಂಟಿಸಿದ್ದರು, ಪ್ರೋತ್ಸಾಹದ ವೇಳೆಯಲ್ಲಿ. ನಾನು ಸ್ಪ್ಯಾನರ್ ತೆಗೆದುಕೊಂಡು ಪರಿವೀಕ್ಷಕರ ಎದುರು ನಿಂತೆ. ಅವರು ನನ್ನನ್ನು ನೋಡಿದರು. ನನ್ನ ಕೀರ್ತಿ ಆ ಒಂದು ಕುತ್ತಿಗೆಯಲ್ಲಿತ್ತು. ಎರಡು ಸುತ್ತು ಬಿಗಿ ಮಾಡಿದೆ. ಅವರು ಗಡಿಯಾರ ನೋಡಿದರು, ನಿಟ್ಟುಸಿರು ಬಿಟ್ಟರು. ನಾಳೆ ನೋಡೋಣ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸುದ್ದಿ ನಿರ್ದೇಶಕರಿಗೆ ಮುಟ್ಟಿತು. ಅವರು ಕುಂಟುತ್ತಲೇ ಬಂದು ತಪಾಸಣೆ ಮಾಡಿದರು. ದಿನವೂ ಹೊತ್ತಿಗೆ ಸರಿಯಾಗಿ ಹಾಜರಿರುವ, ಯಾವುದನ್ನೂ ಆತುರದಲ್ಲಿ ಒಪ್ಪದ, ಚಹಾ ಕುಡಿಯದ ನೌಕರನನ್ನು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ ಅಂದರು. ಹೋಗುವ ಮುಂಚೆ ಅಕ್ಕನಿಗೆ ಒಂದು ಕೋಟಿನ ಅಳತೆ ಕೊಟ್ಟರು. ಕಾಲಿನಿಂದ ಸ್ವಲ್ಪ ದೂರವೇ ನಿಂತು ಕೊಟ್ಟರು. ಅದರ ಮಾರನೆಯ ವಾರ ಸುತ್ತೋಲೆ ಹೊರಟಿತು: ಎಲ್ಲ ಶಾಖೆಗಳೂ ಇದೇ ಮಾದರಿಯ ಪರಿವೀಕ್ಷಕರನ್ನು ಸ್ವತಃ ಮಾಡಿಕೊಳ್ಳತಕ್ಕದ್ದು, ಮತ್ತು ಪ್ರತಿ ಪರಿವೀಕ್ಷಕರ ಎದುರು ಪರಿಶೀಲನೆಗೆಂದು ಕನಿಷ್ಠ ಒಂದು ಕಾಲನ್ನಾದರೂ ಇರಿಸತಕ್ಕದ್ದು.

ಆದ್ದರಿಂದ ನಾನು ಹೊಸ ವಿಡಿಯೋ ಹಾಕಿದ್ದೇನೆ, "ಮನೆಯಲ್ಲೇ ಪರಿವೀಕ್ಷಕರನ್ನು ಮಾಡಿಕೊಳ್ಳುವ ವಿಧಾನ" ಅಂತ. ಕಾಲಿನ ವಿಡಿಯೋಕ್ಕಿಂತ ಹೆಚ್ಚು ಜನ ನೋಡುತ್ತಿದ್ದಾರೆ. ನೋಡದೆ ಇರಲು ಅವರಿಗೆ ಅನುಮತಿಯಿಲ್ಲ, ಸುತ್ತೋಲೆ ಇದೆ. ಕೆಳಗೆ ನಿತ್ಯ ಪ್ರಶ್ನೆಗಳು ಬರುತ್ತವೆ. ನಿನ್ನೆ ದೂರದ ಶಾಖೆಯ ಅಧೀಕ್ಷಕಿಯೊಬ್ಬರು ಬರೆದಿದ್ದರು: ಹೇಳಿದಂತೆಯೇ ಮಾಡಿದೆವು, ಟೈ ಕೂಡ ಕಟ್ಟಿದೆವು, ಕುತ್ತಿಗೆಯನ್ನೂ ಬಿಗಿ ಮಾಡಿದೆವು, ಆದರೂ ನಮ್ಮವರು ಬಂದವರಿಗೆಲ್ಲ ಆಗಲಿ ಆಗಲಿ ಅನ್ನುತ್ತಿದ್ದಾರೆ, ಜನ ಕೆಲಸ ಮುಗಿಸಿಕೊಂಡು ಮನೆಗೆ ಹೋಗಿಬಿಡುತ್ತಿದ್ದಾರೆ, ಕಚೇರಿ ಬಿಕೋ ಅನ್ನುತ್ತಿದೆ, ದಯವಿಟ್ಟು ಉಪಾಯ ತಿಳಿಸಿ. ಅವರನ್ನು ಯಾರ ಎದುರಿಗೆ ನಿಲ್ಲಿಸಿ ಕಲಿಸಿದಿರಿ ಅಂತ ಕೇಳಿದೆ. ಹೊಸದಾಗಿ ಸೇರಿದ ಹುಡುಗಿಯ ಎದುರಿಗೆ ಅಂತ ಉತ್ತರ ಬಂತು.

ಅವಳನ್ನೂ ನಿಮ್ಮ ಪರಿವೀಕ್ಷಕರನ್ನೂ ಒಟ್ಟಿಗೆ ನಮ್ಮ ಅಧೀಕ್ಷಕರ ಎದುರು ಒಂದು ವಾರ ಕೂರಿಸಿ ಎಂದು ಬರೆದೆ. ಇವತ್ತು ಬೆಳಿಗ್ಗೆ ಇಬ್ಬರೂ ಬಂದಿದ್ದಾರೆ. ಹುಡುಗಿ ತನ್ನ ಸ್ಟೂಲನ್ನು ತಾನೇ ಮಾಡಿಕೊಳ್ಳುತ್ತಿದ್ದಾಳೆ, ಕೈ ಚುರುಕಾಗಿದೆ. ಅವಳ ಪರಿವೀಕ್ಷಕರು ನಮ್ಮವರ ಪಕ್ಕದಲ್ಲಿ ನಿಂತು ಕನ್ನಡಕ ಒರೆಸುವುದನ್ನು ಕಲಿಯುತ್ತಿದ್ದಾರೆ. ಅಕ್ಕ ಆ ಇಬ್ಬರು ಪರಿವೀಕ್ಷಕರಿಗೂ ಒಂದೇ ಬಟ್ಟೆಯ ಥಾನಿನಲ್ಲಿ ಕೋಟು ಕತ್ತರಿಸಿ ಇಟ್ಟಿದ್ದಾಳೆ. ಯಾವಾಗ ಸಿಗುತ್ತದೆ ಅಂತ ಹುಡುಗಿ ಕೇಳಿದಳು. ಅಕ್ಕ ಬಾಯಿ ತೆರೆಯುವ ಮೊದಲೇ ಇಬ್ಬರು ಪರಿವೀಕ್ಷಕರೂ ಒಟ್ಟಿಗೆ ಉತ್ತರ ಹೇಳಿದರು. ಹುಡುಗಿ ಅದನ್ನು ಕೇಳಿ, ತನಗೇ ತಿಳಿಯದಂತೆ ಗೋಡೆಯ ಗಡಿಯಾರ ನೋಡಿ, ಸಣ್ಣದಾಗಿ ನಿಟ್ಟುಸಿರು ಬಿಟ್ಟಳು.

ಅಧೀಕ್ಷಕರು ಅವಳ ಬೆನ್ನು ತಟ್ಟಿದರು. ಊಟಕ್ಕೆ ಇನ್ನೂ ಹೊತ್ತಿತ್ತು.